ಸೋಡದಲ್ಲಿ ಕುದಿಸಿದ ಹತ್ತಿ

ಹತ್ತಿ ನೀರಿನ ಮೇಲೆ ತೇಲಿತು. ಬೆರಳಿನಿಂದ ಒತ್ತಿದರೆ ಮುಳುಗುತ್ತಿತ್ತು, ಬೆರಳು ತೆಗೆದರೆ ಒಣಗಿದ್ದ ಹಾಗೇ ಮೇಲೆ ಬರುತ್ತಿತ್ತು. ನನ್ನ ಸುತ್ತ ನಿಂತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾರವೆಲ್ಲ ಕೂತು ಹೊಲಿದ ಪ್ಯಾಡುಗಳಲ್ಲಿ ಒಂದನ್ನು ಬಿಚ್ಚಿ, ಒಳಗಿನ ಹತ್ತಿಯನ್ನು ಪರೀಕ್ಷೆಗೆಂದು ಬೇಸಿನ್ನಿಗೆ ಹಾಕಿದ್ದೆವು. ನೀರನ್ನೇ ಕುಡಿಯದ ಹತ್ತಿ ಇನ್ನೇನನ್ನು ಕುಡಿದೀತು?

"ಇದು ದಿಂಬಿಗೇ ಸರಿ ಕಣ್ರೀ ಟೀಚರ್," ಎಂದಳು ಒಬ್ಬಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಜ್ಜಂಪುರದ ಒಂದು ಹೈಸ್ಕೂಲಿನಲ್ಲಿ ನಾನು ಹೊಲಿಗೆ ಟೀಚರ್. ಗಂಡು ಹುಡುಗರು ತೋಟಗಾರಿಕೆ ಪೀರಿಯಡ್ಡಿಗೆ ಹೋದಾಗ ಹೆಣ್ಣುಮಕ್ಕಳು ನನ್ನ ಕೋಣೆಗೆ ಬರುತ್ತಿದ್ದರು. ಕಿಟಕಿ ಹಾಕಿದರೆ ಅದು ಹೆಂಗಸರದೇ ಲೋಕ. ಕಾಜಾ ಹೊಲಿಯುತ್ತಾ ಏನು ಬೇಕಾದರೂ ಮಾತಾಡಬಹುದಿತ್ತು. ಪ್ರತಿ ತಿಂಗಳು ಒಬ್ಬೊಬ್ಬರಾಗಿ ನಾಲ್ಕಾರು ದಿನ ಮಾಯವಾಗುವುದು ಏಕೆಂದು ನನಗೆ ಗೊತ್ತಾಗಿದ್ದೂ ಅಲ್ಲೇ. ಅಮ್ಮನ ಹರಿದ ಸೀರೆಯ ಒಂದೋ ಎರಡೋ ತುಂಡು. ಅದನ್ನೇ ಒಗೆದು, ಯಾರ ಕಣ್ಣಿಗೂ ಬೀಳದ ಹಾಗೆ ಕುಕ್ಕೆಯ ಕೆಳಗೋ ಸೌದೆಯ ಸಂದಿಯಲ್ಲೋ ಒಣಹಾಕಬೇಕು. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಹಸಿ ಬಟ್ಟೆ ತೊಡೆಯನ್ನು ಉಜ್ಜಿ ಉಜ್ಜಿ ಚರ್ಮ ಕಿತ್ತು ಬರುತ್ತಿತ್ತು. ರೈಲಿನಲ್ಲಿ ಬರುವ ಹುಡುಗಿಯರಂತೂ ಸ್ಟೇಷನ್ನಿನಿಂದ ನಡೆದು ಬರುವಷ್ಟರಲ್ಲಿ ಕಣ್ಣಲ್ಲಿ ನೀರು ತುಂಬಿಕೊಂಡಿರುತ್ತಿದ್ದರು. ಸ್ಕೂಲಿನಲ್ಲಿ ಬಟ್ಟೆ ಬದಲಾಯಿಸೋಣ ಎಂದರೆ ಕಕ್ಕಸಿಗೆ ಬಾಗಿಲಿತ್ತು, ನೀರಿರಲಿಲ್ಲ.

ನನ್ನ ತವರು ಕಡೂರು. ಲಿಂಗ ಕಟ್ಟಿಕೊಂಡ ಮನೆತನವಾದ್ದರಿಂದ ನಮ್ಮಲ್ಲಿ ಮುಟ್ಟಿನ ಮೈಲಿಗೆ ಇರಲಿಲ್ಲ. ಹೊರಗೆ ಕೂರಿಸುತ್ತಿರಲಿಲ್ಲ, ಅಡುಗೆ ಮನೆಗೆ ಹೋಗಬಹುದಿತ್ತು. ನಾಚಿಕೆ ಮಾತ್ರ ಎಲ್ಲರ ಮನೆಯಲ್ಲಿದ್ದಷ್ಟೇ ನಮ್ಮಲ್ಲೂ ಇತ್ತು. ಹಾಗಾಗಿ ಹುಡುಗಿಯರು ಹೇಳಿದ್ದರಲ್ಲಿ ನನಗೆ ಗೊತ್ತಿಲ್ಲದ್ದು ಹೆಚ್ಚೇನೂ ಇರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದನ್ನು ಕೇಳಿದ್ದು ಮಾತ್ರ ಮೊದಲ ಸಲ.

ಶಿವಮೊಗ್ಗದ ಮೆಡಿಕಲ್ ಶಾಪಿನಿಂದ ಪೇಪರಿನಲ್ಲಿ ಸುತ್ತಿಸಿಕೊಂಡು ಪ್ಯಾಡಿನ ಒಂದು ಪ್ಯಾಕೆಟ್ ತಂದೆ. ಹುಡುಗಿಯರು ಕೊಂಡು ಬಳಸುವ ವಸ್ತು ಅದಲ್ಲ ಎಂದು ಗೊತ್ತಿತ್ತು. ನನಗೆ ಬೇಕಾಗಿದ್ದುದು ಅದರ ಒಳಗು. ಕತ್ತರಿಯಿಂದ ಉದ್ದಕ್ಕೆ ಸೀಳಿ ಪದರ ಪದರ ಬಿಡಿಸಿದೆ. ಹೊರಗೆ ಬಲೆಯಂಥ ಬಟ್ಟೆ, ಒಳಗೆ ಹತ್ತಿ, ಬೆನ್ನಿಗೆ ತೆಳು ಕಾಗದ. ಇಷ್ಟೇ ತಾನೇ ಅನ್ನಿಸಿತು. ಬಲೆ ಬಟ್ಟೆಯ ಬದಲು ತೊಳೆದು ತೊಳೆದು ಮೆತ್ತಗಾದ ಪಂಚೆ. ಹತ್ತಿಗೆ ಊರಿನಲ್ಲೇ ಜಿನ್ನಿಂಗ್ ಮಿಲ್ಲಿತ್ತು. ದಿಂಬು ಮಾಡುತ್ತೇವೆಂದು ಹೇಳಿದ್ದಕ್ಕೆ ಅದರ ಯಜಮಾನರು ಗುಡಿಸಿದ ಹತ್ತಿಯನ್ನು ಚೀಲ ತುಂಬ ಕೊಟ್ಟಿದ್ದರು. ಅದೇ ಈಗ ಬೇಸಿನ್ನಿನಲ್ಲಿ ತೇಲುತ್ತಿತ್ತು.

ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು. ಬಟ್ಟೆಗೆ ಬಣ್ಣ ಹಾಕುವ ಪಾಠ ಮಾಡುವಾಗ ಕೋರಾ ಬಟ್ಟೆಯನ್ನು ಮೊದಲು ಸೋಡದಲ್ಲಿ ಕುದಿಸಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ ಎಂದು ನಾನೇ ಹೇಳಿಕೊಡುತ್ತಿದ್ದೆ. ಗಿಡದಿಂದ ಬಂದ ಹತ್ತಿಯ ಮೈಮೇಲೆ ಜಿಡ್ಡಿರುತ್ತದೆ. ಆ ಜಿಡ್ಡೇ ನೀರನ್ನು ದೂರ ತಳ್ಳುತ್ತಿದ್ದುದು.

ನಾನು ಬಾಡಿಗೆಗಿದ್ದ ಮನೆಯ ಹಿತ್ತಿಲಿನಲ್ಲಿ ಹಂಡೆ ಇಟ್ಟು, ನೀರಿಗೆ ಬಟ್ಟೆ ಸೋಡ, ಸ್ವಲ್ಪ ಸೋಪಿನ ತುರಿ ಹಾಕಿ ಒಂದು ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಹತ್ತಿ ಕುದಿಸಿದೆ. ನೀರು ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು, ಒಂಥರಾ ಹಸಿ ಎಣ್ಣೆಯ ವಾಸನೆ. ಬಸಿದು, ಕೈಗೆ ಜಾರುವುದು ನಿಲ್ಲುವವರೆಗೆ ತೊಳೆದು, ಕೆಂಡದಂಥ ಬಿಸಿಲಿಗೆ ಒಣಹಾಕಿದೆ. ಒಣಗಿದ ಹತ್ತಿ ಗಂಟುಗಂಟಾಗಿ ಕುಳಿತಿತ್ತು. ಹತ್ತಿ ಹಿಂಜುವ ಸಾಬರನ್ನು ಕರೆಸಿದೆ. ಬಿಲ್ಲು ಮೀಟುತ್ತಾ ಅವರು ಹತ್ತಿಯ ಬೆಳ್ಳಗಿನ ಬಣ್ಣವನ್ನೇ ನೋಡುತ್ತಿದ್ದರು.

"ಇಷ್ಟು ತೊಳ್ದು ಯಾರು ದಿಂಬು ಮಾಡ್ತಾರೆ ಟೀಚರಮ್ಮ?"

"ಮಕ್ಕಳ ದಿಂಬು," ಎಂದೆ.

"ಹಂಗಾದ್ರೆ ಸರಿ," ಎಂದು ಅವರು ಇನ್ನಷ್ಟು ಮುತುವರ್ಜಿಯಿಂದ ಹಿಂಜಿದರು.

ಆ ಹತ್ತಿಯನ್ನು ನೀರಿಗೆ ಹಾಕಿದಾಗ ಕಲ್ಲಿನ ಹಾಗೆ ಮುಳುಗಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಪಕ್ಕದ ಕ್ಲಾಸಿನ ಮೇಷ್ಟ್ರು ಏನಾಯಿತೆಂದು ಬಂದು ಬಾಗಿಲು ತಟ್ಟಿದರು.

ಮಳೆ ಬಿರುಸಾಗುವ ಹೊತ್ತಿಗೆ ಕೆಲಸ ಒಂದು ಹದಕ್ಕೆ ಬಂದಿತ್ತು. ಸೋರದಿರಲೆಂದು ಬೆನ್ನಿಗೆ ಪ್ಲಾಸ್ಟಿಕ್ ಇಟ್ಟು ನೋಡಿದೆವು. ಬೆವತು ಕಡಿತ ಶುರುವಾಯಿತು, ತೆಗೆದುಹಾಕಿ ಒಂದು ಪದರ ಬಟ್ಟೆ ಹೆಚ್ಚಿಸಿದೆವು. ಕಸೂತಿ ಚೀಲದಲ್ಲಿ ದಾರದುಂಡೆಗಳ ಕೆಳಗೆ ಇಟ್ಟುಕೊಂಡು ಹುಡುಗಿಯರು ಮನೆಗೆ ಒಯ್ಯುತ್ತಿದ್ದರು. ಬಳಸಿದ್ದನ್ನು ಸುಟ್ಟುಬಿಡಿ ಎಂದರೆ ಯಾರೂ ಒಪ್ಪಲಿಲ್ಲ. "ಸುಟ್ರೆ ಮುಂದೆ ಮಕ್ಳಾಗಲ್ವಂತೆ ಟೀಚರ್." ನಾನು ಎಷ್ಟು ಹೇಳಿದರೂ ಆ ಭಯ ಹೋಗಲಿಲ್ಲ. ಕೊನೆಗೆ ಸ್ಕೂಲಿನ ಹಿಂದೆ ಹೊಂಗೆ ಮರದ ಕೆಳಗೆ ಗುಂಡಿ ತೋಡಿಸಿ, ಹಾಕಿದಾಗಲೆಲ್ಲ ಮೇಲೆ ಸುಣ್ಣ, ಮಣ್ಣು ಎಳೆಯುವುದು ಎಂದಾಯಿತು. ಆಯಾ ಗೊಣಗಿಕೊಂಡೇ ಗುಂಡಿಯ ಮೇಲೆ ಒಂದು ಹಳೇ ತಗಡು ಮುಚ್ಚಿದಳು. ತಿಂಗಳ ಗೈರುಹಾಜರಿ ಕಣ್ಣಿಗೆ ಕಾಣುವ ಹಾಗೆ ಕಡಿಮೆಯಾಯಿತು. ಏಕೆಂದು ಹೆಡ್ಮಾಸ್ಟರು ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ಒಬ್ಬ ಹುಡುಗಿ ಎಲ್ಲರೂ ಹೋದ ಮೇಲೂ ಉಳಿದುಕೊಂಡಳು. ಬೀರೂರು ಕಡೆಯ ಹಳ್ಳಿಯೊಂದರಿಂದ ಪ್ಯಾಸೆಂಜರಿನಲ್ಲಿ ಬರುತ್ತಿದ್ದವಳು. ಲೆಕ್ಕದಲ್ಲಿ ಗಂಡುಹುಡುಗರನ್ನೂ ಹಿಂದೆ ಹಾಕುತ್ತಿದ್ದಳು, ಹೊಲಿಗೆಯಲ್ಲಿ ಅವಳಿಗೆ ಒಂದು ಸಲ ತೋರಿಸಿದರೆ ಸಾಕು. ಕ್ಲಾಸಿನಲ್ಲಿ ಇನ್ನೂ ಮೈನೆರೆಯದ ಒಬ್ಬಿಬ್ಬರಲ್ಲಿ ಅವಳೂ ಒಬ್ಬಳೆಂದು ಎಲ್ಲರಿಗೂ ಗೊತ್ತಿತ್ತು.

"ಟೀಚರ್, ನಂಗೂ ಸ್ವಲ್ಪ ಕೊಡ್ತೀರಾ? ನಮ್ಮಕ್ಕಂಗೆ."

"ನಿನಗೆ ಅಕ್ಕ ಯಾರೇ?" ಎಂದೆ. ಅವಳು ಮನೆಗೆ ಹಿರಿಯ ಮಗಳು.

ಅವಳು ನೆಲ ನೋಡಿದಳು. ಆಮೇಲೆ ತಡೆದುಕೊಳ್ಳಲಾಗದೆ ಒಂದೇ ಉಸಿರಿಗೆ ಹೇಳಿಬಿಟ್ಟಳು. ಬೇಸಿಗೆ ರಜೆಯಲ್ಲೇ ಶುರುವಾಗಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಳೇ ಲಂಗ ಹರಿದು ಹೇಗೋ ಸಂಭಾಳಿಸಿದ್ದಳು.

"ನಾನು ದೊಡ್ಡೋಳಾದ್ ದಿನಾನೇ ಸ್ಕೂಲ್ ಬಿಡಿಸ್ತಾರೆ ಟೀಚರ್. ಎಮ್ಮೆದೊಡ್ಡಿ ಕಡೆ ನಮ್ ಸೋದರಮಾವ ಅವ್ನೆ. ಅಪ್ಪ ಅವನಿಗೆ ಮಾತು ಕೊಟ್ಬಿಟ್ಟವ್ನೆ. ನನ್ನ ಕೂರ್ಸೋಕೆ ಗುಡ್ಲು ಹಾಕೋನೂ ಅವನೇ, ತಾಳಿ ಕಟ್ಟೋನೂ ಅವನೇ. ಎಸ್ಸೆಲ್ಸಿ ಮುಗಿಯೋಗಂಟ ಹೆಂಗಾದ್ರೂ ಮಾಡಿ ಮುಚ್ಚಿಟ್ಕೊಂತೀನಿ."

"ಅಮ್ಮನಿಗಾದರೂ ಹೇಳೇ. ಅಮ್ಮನಿಂದ ಇದನ್ನ ಮುಚ್ಚಿಡೋಕಾಗುತ್ತಾ?"

"ಅವ್ವಂಗೆ ಹೇಳಿದ್ರೆ ಅಪ್ಪಂಗೆ ಹೇಳ್ದಂಗೆ ಟೀಚರ್. ನೀವು ಇದನ್ನ ಕೊಟ್ರೆ ಒಗೆಯೋಂಗಿಲ್ಲ, ಒಣಗ್ಸೋಂಗಿಲ್ಲ. ಯಾರಿಗೂ ಗೊತ್ತಾಗಲ್ಲ."

ಒಗೆಯಬೇಕಾಗಿಲ್ಲ ಎಂಬುದು ಶುಚಿಗೆ ಒಳ್ಳೆಯದೆಂದು ನಾನು ಯೋಚಿಸಿದ್ದೆ. ಗುಟ್ಟಿಗೂ ಅದು ಒಳ್ಳೆಯದೆಂದು ಆ ಹುಡುಗಿ ಯೋಚಿಸಿದ್ದಳು. ಎಸ್ಸೆಲ್ಸಿಗೆ ಇನ್ನೂ ಒಂದೂವರೆ ವರ್ಷದ ಹಾದಿ. ಅಷ್ಟು ದಿನ ಒಬ್ಬ ತಾಯಿಯ ಕಣ್ಣು ತಪ್ಪಿಸಲು ನಾನು ಜೊತೆಗೂಡಬೇಕೇ? ರೈಲಿಗೆ ಹೊತ್ತಾಗುತ್ತಿತ್ತು. ಅವಳು ಬಾಗಿಲ ಕಡೆ ಒಂದು ಕಣ್ಣು, ನನ್ನ ಕಡೆ ಒಂದು ಕಣ್ಣು ಇಟ್ಟು ನಿಂತಿದ್ದಳು. ನಾನು ಬೀರು ತೆಗೆದು ಅವಳ ಕಸೂತಿ ಚೀಲ ತುಂಬಿಸಿದೆ. ಅಂದಿನಿಂದ ಪ್ರತಿ ತಿಂಗಳೂ ಅದು ನಡೆಯಿತು.

ಶ್ರಾವಣ ಕಳೆದು ಭಾದ್ರಪದದಲ್ಲಿ ಒಂದು ವಾರ ಬಿಡದೆ ಮಳೆ ಹೊಡೆಯಿತು. ಗುಂಡಿಯ ಒಂದು ಬದಿ ಕುಸಿದು ತಗಡು ಜಾರಿತ್ತು. ಅದನ್ನು ಯಾರೂ ನೋಡಿರಲಿಲ್ಲ. ಸೋಮವಾರ ಪ್ರಾರ್ಥನೆಗೆ ಎಲ್ಲರೂ ಸಾಲು ನಿಂತಿದ್ದಾಗ ಎರಡು ನಾಯಿಗಳು ಮರದ ಕಡೆಯಿಂದ ಜಗಳವಾಡಿಕೊಂಡು ಬಂದವು. ಅವುಗಳ ಬಾಯಲ್ಲಿ ಏನಿದೆ ಎಂಬುದು ಮೊದಲು ಹುಡುಗಿಯರ ಸಾಲಿಗೆ ಗೊತ್ತಾಯಿತು. ಆಮೇಲೆ ಹುಡುಗರ ಸಾಲಿಗೆ. ಒಬ್ಬ ಸಿಳ್ಳೆ ಹೊಡೆದ. ಡ್ರಿಲ್ ಮೇಷ್ಟ್ರು ಕಲ್ಲು ಬೀಸಿದರು. ನಾಯಿ ಅದನ್ನು ಧ್ವಜದ ಕಟ್ಟೆಯ ಹತ್ತಿರ ಬಿಟ್ಟು ಓಡಿತು. ಪ್ರಾರ್ಥನೆ ಅರ್ಧಕ್ಕೆ ನಿಂತಿತ್ತು. ನನ್ನ ಹುಡುಗಿಯರು ಒಬ್ಬರೂ ತಲೆ ಎತ್ತಲಿಲ್ಲ. ನಾನೇ ಹೋಗಿ ಸೆರಗಿನಿಂದ ಅದನ್ನು ಎತ್ತಿಕೊಂಡು ಹಿತ್ತಿಲಿಗೆ ನಡೆದೆ. ಅಷ್ಟು ದೂರ ನಡೆದದ್ದು ನನಗೆ ಬೇರೆ ಯಾವತ್ತೂ ನೆನಪಿಲ್ಲ.

ಹೆಡ್ಮಾಸ್ಟರು ಕೆಟ್ಟವರಲ್ಲ. ಕೋಣೆಗೆ ಕರೆಸಿ ಕೂರಲು ಹೇಳಿದರು. ಪೇಪರ್ ವೆಯ್ಟನ್ನು ತಿರುಗಿಸುತ್ತಾ ಕುಳಿತರು.

"ಆ... ಆ ಸಾಮಾನು ಇನ್ನು ಬೇಡಮ್ಮ."

"ಸಾರ್, ಗುಂಡಿಯನ್ನ ಕಲ್ಲು ಕಟ್ಟಿ ಭದ್ರ ಮಾಡೋಣ. ಅದರಿಂದ ಹುಡುಗಿಯರು ದಿನಾ ಬರ್ತಿದಾರೆ. ಹಾಜರಿ ನೋಡಿ."

"ನಾನೂ ಹೆಣ್ಣುಮಕ್ಕಳ ತಂದೆ. ನನಗೆ ಅರ್ಥ ಆಗುತ್ತೆ. ಆದ್ರೆ ಸಾಯಂಕಾಲ ಊರಿನ ಹಿರಿಯರು ಬರ್ತಾರೆ. ಅವರ ಮುಂದೆ ನಾನು ಏನಂತ ಬಾಯಿ ಬಿಡ್ಲಿ? ನೀವೇ ಹೇಳಿ, ಯಾವ ಮಾತಲ್ಲಿ ಹೇಳ್ಲಿ?"

ನನಗೂ ಆ ಮಾತು ಗೊತ್ತಿರಲಿಲ್ಲ. ಗಂಡಸರ ಮುಂದೆ ಹೇಳಬಹುದಾದ ಒಂದು ಶಬ್ದ ಆಗ ನಮ್ಮ ಭಾಷೆಯಲ್ಲಿ ನನಗೆ ಸಿಕ್ಕಿರಲಿಲ್ಲ.

ಬೀರುವಿನ ಬೀಗದ ಕೈ ಅವರ ಮೇಜಿನ ಮೇಲಿಟ್ಟು ಬಂದೆ. ಒಳಗಿದ್ದ ಪ್ಯಾಡುಗಳನ್ನೆಲ್ಲ ಆಯಾ ಗುಂಡಿಗೆ ಸುರಿದು ಮಣ್ಣು ಮುಚ್ಚಿದಳು. ಮನೆಯಲ್ಲಿಟ್ಟು ಕೊಡೋಣವೆಂದು ಯೋಚಿಸಿದೆ. ಊರಿನ ಒಂದಿಬ್ಬರು ಹುಡುಗಿಯರು ಬಂದರು, ಆಮೇಲೆ ಅವರ ಮನೆಯವರು ಬೇಡವೆಂದರಂತೆ. ರೈಲಿನ ಹುಡುಗಿಗೆ ಅದಕ್ಕೂ ಹೊತ್ತಿರಲಿಲ್ಲ. ಬೆಲ್ ಹೊಡೆದ ಕೂಡಲೇ ಸ್ಟೇಷನ್ನಿಗೆ ಓಡಬೇಕು, ನನ್ನ ಮನೆ ಊರಿನ ಆ ತುದಿಯಲ್ಲಿ. ದಸರಾ ರಜೆಗೆ ಮುಂಚಿನ ದಿನ ಅವಳನ್ನು ಕಾರಿಡಾರಿನಲ್ಲಿ ಹಿಡಿದು, ಹೊಸ ಹತ್ತಿ ಕುದಿಸುತ್ತಿದ್ದೇನೆ, ರಜೆ ಮುಗಿಯಲಿ ಎಂದೆ. "ರಜೆಯಲ್ಲಿ ಬಂದ್ರೆ ಟೀಚರ್?" ಎಂದಳು. ಅಷ್ಟರಲ್ಲಿ ಹುಡುಗರ ಗುಂಪು ಬಂತು, ಅವಳು ಮುಂದೆ ಹೋದಳು.

ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಒಂದು ವಾರ ನೋಡಿದೆ. ಅವಳ ಜೊತೆ ರೈಲಿನಲ್ಲಿ ಬರುತ್ತಿದ್ದ ಹುಡುಗಿಯನ್ನು ಕೇಳಿದರೆ, "ಗುಡ್ಲಲ್ಲಿ ಕೂರ್ಸವ್ರೆ ಟೀಚರ್. ಮೈ ಸರಿ ಇಲ್ವಂತೆ," ಎಂದಳು. ಮೈ ಸರಿ ಇಲ್ಲ ಎಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಹೆಡ್ಮಾಸ್ಟರ ಹತ್ತಿರ ರಜೆ ಕೇಳಿದೆ. ಅವರು ತಕ್ಷಣ ಕೊಟ್ಟರು. "ಹೋಗಿ ಬನ್ನಿ. ನಾನು ಕಳಿಸ್ದೆ ಅಂತ ಮಾತ್ರ ಅನ್ಬೇಡಿ," ಎಂದರು.

ಕುದಿಸಿ ಹಿಂಜಿಸಿದ್ದ ಹತ್ತಿಯನ್ನು ಚೀಲಕ್ಕೆ ತುಂಬಿಕೊಂಡು ಬೆಳಗಿನ ಪ್ಯಾಸೆಂಜರ್ ಹತ್ತಿದೆ. ಸ್ಟೇಷನ್ನಿನಿಂದ ಹೊಲಗಳ ಬದುವಿನ ಮೇಲೆ ನಡೆಯಬೇಕು. ರಾಗಿ ತೆನೆ ಬಂದಿತ್ತು. ಮನೆ ಕೇಳಿದರೆ ಎಲ್ಲರೂ ತೋರಿಸಿದರು. ಗುಡ್ಲು ಹಾಕಿದ ಮನೆ ಊರಿಗೆಲ್ಲ ಗೊತ್ತಿರುತ್ತದೆ.

ಅಂಗಳದ ಮೂಲೆಯಲ್ಲಿ ಹಸಿ ತೆಂಗಿನ ಗರಿಯ ಗುಡಿಸಲು. ಒಬ್ಬ ಗಂಡಸು, ಮೂವತ್ತರ ಆಸುಪಾಸಿನವನು, ಜಾರಿದ್ದ ಗರಿಯೊಂದನ್ನು ತೆಂಗಿನ ನಾರಿನಿಂದ ಬಿಗಿಯುತ್ತಿದ್ದ. ಅವನೇ ಮಾವ. ಅವನ ಕೆಲಸದಲ್ಲಿ ಒಂದು ಅಚ್ಚುಕಟ್ಟಿತ್ತು. ನನ್ನನ್ನು ನೋಡಿ ಕೈಮುಗಿದು ಪಕ್ಕಕ್ಕೆ ಸರಿದ. ನಾನು ಬೈದುಕೊಂಡು ಬಂದಿದ್ದ ಮನುಷ್ಯ ಇವನೇನಾ ಎಂದು ಒಂದು ಕ್ಷಣ ಗೊಂದಲವಾಯಿತು.

ತಾಯಿ ಹೊರಗೆ ಬಂದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಅಷ್ಟೇ.

"ಬನ್ನಿ ಟೀಚರಮ್ಮ. ನಿಮ್ಗೆ ಮೊದ್ಲೇ ಗೊತ್ತಿತ್ತಂತೆ."

ನಾನು ಹೆಗಲಿನ ಚೀಲ ಇಳಿಸಿದೆ.

"ನನ್ ಮಗಳು ದೊಡ್ಡೋಳಾಗವ್ಳೆ ಅಂತ ಕಳೆ ಕೀಳೋಕೆ ಬಂದ ಹೆಂಗಸು ಅವಳ ಲಂಗ ನೋಡಿ ನಂಗೆ ಹೇಳ್ಬೇಕಾಯ್ತು. ಊರೋರೆಲ್ಲ ಏನಂದ್ರು ಗೊತ್ತಾ? ಹೆತ್ತೋಳಿಗೆ ಕಣ್ಣಿಲ್ವೇನೇ ಅಂದ್ರು. ಮೊದಲ ಸಲ ಆದಾಗ ಹತ್ರ ಕೂರಿಸ್ಕೊಂಡು ಎಣ್ಣೆ ನೀರು ಹಾಕ್ಬೇಕು, ಚಿಗಳಿ ತಂಬಿಟ್ಟು ತಿನ್ನಿಸ್ಬೇಕು, ಆರತಿ ಎತ್ಬೇಕು. ಅದು ನಂಗೆ ಸೇರ್ಬೇಕಾದ್ದು. ನೀವು ಕಿತ್ಕೊಂಡ್ಬಿಟ್ರಲ್ಲಾ."

ಓದಿನ ಬಗ್ಗೆ, ಲೆಕ್ಕದ ಬಗ್ಗೆ, ಹದಿನೆಂಟು ತುಂಬದೆ ಮದುವೆ ಮಾಡಬಾರದೆಂಬ ಕಾನೂನಿನ ಬಗ್ಗೆ ರೈಲಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳನ್ನು ಬದಿಗಿಟ್ಟೆ.

"ಮೈ ಸರಿ ಇಲ್ಲ ಅಂದ್ರು. ನೋಡ್ಲಾ?" ಎಂದೆ.

"ಮೈಲಿಗೆ ಕಣ್ರಮ್ಮ. ಮುಟ್ಟಂಗಿಲ್ಲ."

"ನಮ್ಮಲ್ಲಿ ಅದಿಲ್ಲ," ಎಂದು ಬಗ್ಗಿ ಗುಡಿಸಲಿನೊಳಗೆ ಹೋದೆ.

ಚಾಪೆಯ ಮೇಲೆ ಅವಳು ಒಂದು ಮಗ್ಗುಲಾಗಿ ಮಲಗಿದ್ದಳು. ಹೊಸ ಸೀರೆ ಉಡಿಸಿದ್ದರು, ಕೈತುಂಬ ಹಸಿರು ಬಳೆ. ಹಣೆ ಮುಟ್ಟಿದರೆ ಸುಡುತ್ತಿತ್ತು. ರಜೆಯಲ್ಲಿ ಬೇರೇನೂ ಸಿಗದೆ ಗೋಣಿತಟ್ಟಿನ ತುಂಡಿಗೆ ಬಟ್ಟೆ ಸುತ್ತಿ ಬಳಸಿದ್ದಳಂತೆ. ಅದನ್ನೇ ಒಗೆದು ಕೊಟ್ಟಿಗೆಯ ಸೂರಿನೊಳಗೆ ಸಿಕ್ಕಿಸಿಡುತ್ತಿದ್ದಳಂತೆ, ಒಣಗದಿದ್ದರೂ ಮತ್ತೆ ಕಟ್ಟಿಕೊಳ್ಳುತ್ತಿದ್ದಳಂತೆ. ಎರಡು ತೊಡೆಯ ಸಂದಿಯೂ ಹುಣ್ಣಾಗಿ ಕೀವು ಕಟ್ಟಿತ್ತು. ಕಾಲು ಮಡಿಸಲು ಆಗುತ್ತಿರಲಿಲ್ಲ.

ಹೊರಗೆ ಬಂದು ತಂದೆಯನ್ನು ಹುಡುಕಿದೆ. ಅವನು ಜಗಲಿಯ ಮೇಲಿದ್ದ. "ಇವತ್ತೇ ಬೀರೂರು ಆಸ್ಪತ್ರೆಗೆ ಕರ್ಕೊಂಡು ಹೋಗೋಣ. ನಾನೂ ಬರ್ತೀನಿ. ಇದು ಹೆಚ್ಚಾದ್ರೆ ರಕ್ತಕ್ಕೆ ಸೇರ್ಕೊಳ್ಳುತ್ತೆ."

"ಗುಡ್ಲಿಂದ ಎಬ್ಬಿಸೋಕೆ ಶಾಸ್ತ್ರ ಐತೆ ಟೀಚರಮ್ಮ. ಇನ್ನು ಮೂರ್ ದಿನ. ಆಮೇಲೆ ನಾನೇ ಗಾಡಿ ಕಟ್ಟಿ ಕರ್ಕೊಂಡ್ ಹೋಗ್ತೀನಿ. ಈಗ್ಲೇ ಊರೋರ್ ಬಾಯಿಗೆ ಬಿದ್ದಾಗೈತೆ." ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾಡಬಹುದಿತ್ತು. ನಾನು ಮತ್ತೆ ಮತ್ತೆ ಕೇಳಿದೆ, ಅವನು ಮತ್ತೆ ಮತ್ತೆ ಅದನ್ನೇ ಅಷ್ಟೇ ಮೆತ್ತಗೆ ಹೇಳಿದ.

ಬೀರೂರಿಗೆ ಹೋಗಿ ಡಾಕ್ಟರನ್ನೇ ಕರೆತರೋಣವೆಂದರೆ ಸಂಜೆಯವರೆಗೆ ರೈಲಿರಲಿಲ್ಲ. ಇಲ್ಲಿ ಆಗುವುದನ್ನಾದರೂ ಮಾಡಬೇಕಿತ್ತು. ತಾಯಿಗೆ ನೀರು ಕುದಿಸಲು ಹೇಳಿದೆ. ಬೇವಿನ ಸೊಪ್ಪು, ಕಲ್ಲುಪ್ಪು ಹಾಕಿ ಕುದಿಸಿ, ಉಗುರುಬೆಚ್ಚಗಾದ ಮೇಲೆ ಗುಡಿಸಲಿನೊಳಗೆ ಒಯ್ದೆ. ಮೊದಲು ಕೈ ತೊಳೆದುಕೊಂಡೆ. ಹತ್ತಿಯನ್ನು ಸಣ್ಣ ಉಂಡೆ ಮಾಡಿ ಅದ್ದಿ, ಒರೆಸದೆ, ಒತ್ತಿ ಒತ್ತಿ ಕೀವು ತೆಗೆದೆ. ಒಂದು ಉಂಡೆಯನ್ನು ಎರಡನೇ ಸಲ ಅದ್ದಲಿಲ್ಲ. ಹುಡುಗಿ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಹತ್ತಿ ನೀರನ್ನೂ ಕೀವನ್ನೂ ಚೆನ್ನಾಗಿ ಹೀರುತ್ತಿತ್ತು. ತಾಯಿ ಬಾಗಿಲಲ್ಲಿ ಕೂತು, ಮುಟ್ಟದೆ, ನನ್ನ ಕೈಯನ್ನೇ ನೋಡುತ್ತಿದ್ದಳು. ಗಾಯ ಆರಿಸಿ, ಮೇಲೆ ಹತ್ತಿ ಇಟ್ಟು ಬಟ್ಟೆ ಕಟ್ಟಿದೆ. ದಿನಕ್ಕೆ ಎರಡು ಸಲ ಹೀಗೇ ಮಾಡಬೇಕೆಂದೆ. "ಮುಟ್ಟಬೇಕಾಗುತ್ತೆ," ಎಂದೆ.

ತಾಯಿ ತಲೆಯಾಡಿಸಿದಳು. "ಮುಟ್ತೀನಿ. ಆಮೇಲೆ ಮಿಂದರಾಯ್ತು."

"ಟೀಚರ್," ಎಂದಳು ಹುಡುಗಿ, ಸೆರಗು ಬಾಯಿಂದ ತೆಗೆದು. "ಹಾಫ್ ಇಯರ್ಲಿ ಯಾವತ್ತಿಂದ?"

ಹೇಳಿದೆ. ತಾಯಿ ಕೇಳಿಸಿಕೊಳ್ಳದವಳಂತೆ ಪಾತ್ರೆ ಎತ್ತಿಕೊಂಡಳು.

ಹಿತ್ತಿಲಿನ ಕಲ್ಲಿನ ಮೇಲೆ ನಾನು ಕೈಕಾಲು ತೊಳೆಯುತ್ತಿದ್ದಾಗ ತಾಯಿ ಹಿಂದೆಯೇ ಬಂದಳು. ಸುತ್ತಮುತ್ತ ನೋಡಿ, "ಆ ಹತ್ತಿ ಇನ್ನೂ ಐತಾ?" ಎಂದಳು.

"ಗಾಯಕ್ಕೆ ಅಂತ ಪೂರ್ತಿ ಇಲ್ಲೇ ಬಿಟ್ಟು ಹೋಗ್ತೀನಿ."

"ಗಾಯಕ್ಕಲ್ಲ." ಅವಳ ದನಿ ತಗ್ಗಿತು. "ನಂಗೂ ಹಂಗೇ ಆಗ್ತಿತ್ತು. ಮದ್ವೆ ಆದಾಗ್ಲಿಂದ. ಗದ್ದೇಲಿ ನಡೆಯೋಕಾಗ್ತಿರ್ಲಿಲ್ಲ. ಹೆಣ್ಣಾಗಿ ಹುಟ್ಟಿದ್ಕೆ ಇದೂ ಇರ್ತದೆ ಅನ್ಕೊಂಡಿದ್ದೆ. ಅದನ್ನ ಹೊಲಿಯೋದು ನಂಗೂ ಹೇಳ್ಕೊಡಿ. ನಂಗೊಂದೆರಡು, ಅವಳಿಗೆ ಒಂದಷ್ಟು. ಮಾಘದಲ್ಲಿ ಲಗ್ನ ಅಂತ ಮಾತಾಗೈತೆ. ಪೆಟ್ಟಿಗೇಲಿ ಸೀರೆ ಜೊತೆ ಇಟ್ಟು ಕಳಿಸ್ತೀನಿ. ಗಂಡನ್ ಮನೇಲಾದ್ರೂ ಅವಳಿಗೆ ಹಿಂಗಾಗ್ಬಾರ್ದು."

ಸ್ಕೂಲಿಗೆ ಕಳಿಸಿ, ಆಗ ಹೇಳಿಕೊಡುತ್ತೇನೆ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳು ಒಳಗಿನಿಂದ ಗಂಡನ ಹಳೇ ಪಂಚೆಯೊಂದನ್ನು ಮಡಿಸಿ ತಂದು, ಕ್ಲಾಸಿನ ಹುಡುಗಿಯರು ಕೂರುವ ಹಾಗೆಯೇ ನನ್ನ ಮುಂದೆ ಮಂಡಿ ಮಡಿಸಿ ಕೂತುಬಿಟ್ಟಿದ್ದಳು.

ಗುಡಿಸಲಿನ ಹಿಂಬದಿಯ ನೆರಳಿನಲ್ಲಿ ಕುಳಿತೆವು. ಹತ್ತಿ ಕುದಿಸುವುದು, ಜಿಡ್ಡು ಹೋಗಿದೆಯೋ ಎಂದು ನೀರಿಗೆ ಹಾಕಿ ನೋಡುವುದು, ಬಟ್ಟೆಯನ್ನು ಎಷ್ಟಗಲ ಕತ್ತರಿಸುವುದು, ಎಲ್ಲ ಹೇಳಿದೆ. ಸೋಡ ಸಿಗದಿದ್ದರೆ ಬೂದಿಯ ತಿಳಿನೀರು ಆದೀತು ಎಂದೆ. ಅವಳ ಹೊಲಿಗೆ ದೊಡ್ಡದಾಗಿತ್ತು, ಆದರೆ ಗಟ್ಟಿಯಾಗಿತ್ತು. ಅಂಗಳದಲ್ಲಿ ಮಾವ ಗರಿ ಕಟ್ಟಿ ಮುಗಿಸಿ ಯಾರಿಗೋ ನೀರು ಕೇಳುತ್ತಿದ್ದ. ಪ್ಯಾಡು ಜಾರದಂತೆ ಸೊಂಟದ ಲಾಡಿಗೆ ಸಿಕ್ಕಿಸುವ ಪಟ್ಟಿಗಳನ್ನು ಅವಳು ಎರಡು ತುದಿಗೂ ಸಮಸಮವಾಗಿ ಕತ್ತರಿಸಿ ಹೊಲಿದಳು. ನಾನು ತಿದ್ದಬೇಕೆನ್ನುವಷ್ಟರಲ್ಲಿ ಗರಿಗಳ ಆಚೆಯಿಂದ ಹುಡುಗಿಯ ದನಿ ಬಂತು. ಸಂದಿಯಿಂದ ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ಹಂಗಲ್ಲ ಕಣವ್ವ. ಹಿಂದಿಂದು ಒಂದ್ ಗೇಣು ಜಾಸ್ತಿ ಇರ್ಬೇಕು. ಬಿಚ್ಚು, ಮತ್ತೆ ಹೊಲಿ."

ತಾಯಿ ದಾರ ಕಡಿದು ಬಿಚ್ಚತೊಡಗಿದಳು.